ಕರೋಡಗಿರಿಯ ಗೋಡೆ ಕೆರೆದವರಿಗೆ

ಗೋಡೆಯನ್ನು ಕೆರೆದವರು ನೀವೇ. ಗುತ್ತಿಗೆದಾರನ ಆಳು ಕೆರೆದ, ಅವನಿಗೆ ಯಾರೋ ಹೇಳಿದ್ದರು, ಆ ಯಾರೋ ಈಗ ವರ್ಗವಾಗಿ ಹೋಗಿದ್ದಾರೆ ಎಂಬ ಕಥೆಯನ್ನು ನನಗೆ ಮತ್ತೊಮ್ಮೆ ಹೇಳಬೇಡಿ. ಅದನ್ನು ಬೇರೆ ಬೇರೆ ಮೇಜುಗಳ ಹಿಂದೆ ಕೂತ ಬೇರೆ ಬೇರೆ ಮುಖಗಳಿಂದ, ಒಂದೇ ಧಾಟಿಯಲ್ಲಿ ಕೇಳಿ ಮುಗಿಸಿದ್ದೇನೆ. ರಾಯಚೂರಿನ ಹಳೆಯ ಕರೋಡಗಿರಿ ಕಟ್ಟಡದ ಪಡಸಾಲೆಯಲ್ಲಿ ಕಿವುಡ ಮಕ್ಕಳು ತಮ್ಮ ಕೈಯಾರೆ ಕೊರೆದಿಟ್ಟಿದ್ದ ಹೆಸರುಗಳನ್ನು, ಕಿವುಡರ ಚರಿತ್ರೆಯನ್ನು ಸಂಭ್ರಮಿಸುತ್ತೇವೆಂದು ಹೊರಟ ಯೋಜನೆಯೊಂದಕ್ಕಾಗಿ ಅಳಿಸಿ ಹಾಕಿದವರು ಆ ಯೋಜನೆಯ ಸಮಿತಿಯ ಸದಸ್ಯರಾದ ನೀವು. ಇಂಥ ಕೆಲಸಕ್ಕೆ ದುಷ್ಟತನ ಬೇಕಾಗುವುದಿಲ್ಲ; ಅಷ್ಟು ಶ್ರಮಪಡುವವರೂ ನೀವಲ್ಲ. ಇಸ್ತ್ರಿ ಮಾಡಿದ ಸದುದ್ದೇಶವೊಂದಿದ್ದು, ಯಾರನ್ನೂ ಏನನ್ನೂ ಕೇಳದಿರುವ ಅಭ್ಯಾಸ ಜೊತೆಗಿದ್ದರೆ ಸಾಕು.

ಓದುಗರು ಕ್ಷಮಿಸಬೇಕು. ಇಂಥ ಬರಹ ಬೈಗುಳದಿಂದ ಆರಂಭವಾಗಬಾರದೆಂಬ ಶಿಸ್ತು ನನಗೂ ಗೊತ್ತು. ಆದರೆ ನನ್ನ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಕಾಗದ ಹಾರದಿರಲೆಂದು ಇಟ್ಟ ಗಾರೆಯ ಚೂರೊಂದು ಕೂತಿದೆ, ಮತ್ತು ಅದು ನನ್ನ ಶಿಸ್ತನ್ನು ಕೆಡಿಸುತ್ತದೆ. ಅಂಗೈಯಗಲದ ಚೂರು. ಹಳೆಯ ಸುಣ್ಣದ ಗಾರೆಯಾದ್ದರಿಂದ ಮೇಲ್ಮೈ ಬೆಣ್ಣೆಯಷ್ಟು ನುಣುಪು. ಅದರ ಮೇಲೆ ಮೊಳೆಯಿಂದ ಕೊರೆದ ಅರ್ಧ ವೃತ್ತ. ವೃತ್ತದ ಅಂಚನ್ನು ಹಿಡಿದುಕೊಂಡ ನಾಲ್ಕು ಸಣ್ಣ ಗೀರುಗಳು. ಗೀರುಗಳೆಂದರೆ ಬೆರಳುಗಳು, ವೃತ್ತವೆಂದರೆ ಬಸ್ಸಿನ ಸ್ಟೇರಿಂಗು. ಗಿಲ್ಲೆಸುಗೂರಿನಿಂದ ಬಂದ, ಬಸ್ಸೆಂದರೆ ಊಟ ಬಿಡುತ್ತಿದ್ದ ಹುಡುಗನೊಬ್ಬನ ಹೆಸರು ಅದು. ಅರ್ಧ ಹೆಸರು ಎನ್ನಬೇಕು. ಉಳಿದರ್ಧ ನಿಮ್ಮ ಕಸದ ಟ್ರ್ಯಾಕ್ಟರಿನಲ್ಲಿ ಎಲ್ಲಿಗೆ ಹೋಯಿತೋ ತಿಳಿಯದು. ಅವನಿಗೆ ಕೊನೆಗೂ ವಾಹನ ಸಿಕ್ಕಿತೆಂದು ಸಮಾಧಾನಪಡುವಷ್ಟು ಹಾಸ್ಯಪ್ರಜ್ಞೆ ನನ್ನಲ್ಲಿ ಇನ್ನೂ ಬೆಳೆದಿಲ್ಲ.

ಹೆಸರಿನ ಅರ್ಧ ಎಂದೆ. ಅದನ್ನು ಬಿಡಿಸಿ ಹೇಳಬೇಕಾದರೆ ದೇವದುರ್ಗದ ನಮ್ಮ ಮನೆಗೆ ಹೋಗಬೇಕು.

ನಮ್ಮ ಮನೆಯಲ್ಲಿ ಯಾರನ್ನೂ ಕೂಗಿ ಕರೆಯುವ ಪದ್ಧತಿ ಇರಲಿಲ್ಲ. ಅವ್ವನ ಅಕ್ಕ, ನನ್ನ ದೊಡ್ಡವ್ವ ಹುಲಿಗೆಮ್ಮ, ಹುಟ್ಟು ಕಿವುಡಿ. ಅರಕೇರಾದ ತವರಿನಿಂದ ಅವ್ವ ಮದುವೆಯಾಗಿ ಬರುವಾಗ ದೊಡ್ಡವ್ವನೂ ಜೊತೆಗೆ ಬಂದು, ನಡುಮನೆಯ ಕಿಟಕಿಯ ಕೆಳಗೆ ಕೌದಿ ಹೊಲಿಯುತ್ತ ಶಾಶ್ವತವಾಗಿ ಕೂತುಬಿಟ್ಟಳು. ಅವಳನ್ನು ಕರೆಯಬೇಕಾದರೆ ಟವೆಲ್ಲು ಬೀಸಬೇಕು. ದೂರದಲ್ಲಿದ್ದರೆ ಹುಣಸೆಬೀಜ ಒಗೆಯಬೇಕು, ಅದೂ ಮಡಿಲಿಗೆ. ತಲೆಗೆ ತಾಗಿದರೆ ಬೀಜ ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಹಿಂದಿರುಗುತ್ತಿತ್ತು. ಈ ಅಭ್ಯಾಸ ನನಗೆಷ್ಟು ಅಂಟಿತ್ತೆಂದರೆ, ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಮೊದಲ ವಾರ ನಾನು ಕೋಣೆಯ ಗೆಳತಿಯನ್ನು ಕರೆಯಲು ಟವೆಲ್ಲು ಬೀಸಿದಾಗ, ಅವಳು ಎದ್ದು ಹೋಗಿ ಸೊಳ್ಳೆಬತ್ತಿ ಹಚ್ಚಿ ಬಂದಳು.

ಅಪ್ಪ, ಅವ್ವ, ನಾನು, ಓಣಿಯ ಅರ್ಧ ಜನ, ಎಲ್ಲರಿಗೂ ದೊಡ್ಡವ್ವ ಇಟ್ಟ ಕೈಹೆಸರುಗಳಿದ್ದವು. ಬಾಯಿಂದ ಉಚ್ಚರಿಸುವ ಹೆಸರು ಅವಳಿಗೆ ಉಪಯೋಗವಿಲ್ಲದ್ದು. ಆದ್ದರಿಂದ ಆಳನ್ನು ನೋಡಿ, ನಾಲ್ಕು ದಿನ ಅಳೆದು, ಒಂದು ಸನ್ನೆಯನ್ನು ಅವರಿಗೆ ಹೊಂದಿಸಿ ಕೊಡುತ್ತಿದ್ದಳು. ಅವ್ವನ ಹೆಸರು ಮೊಣಕೈಗೆ ಸರಿಸಿಕೊಂಡ ಬಳೆ. ಅಪ್ಪನದು ಮೂಗಿನ ತುದಿಗೆ ಜಾರಿದ ಕನ್ನಡಕ. ಐದು ವರ್ಷಕ್ಕೊಮ್ಮೆ ಓಣಿಗೆ ಬರುತ್ತಿದ್ದ ಮುಖಂಡರೊಬ್ಬರ ಹೆಸರು ಜೋಡಿಸಿದ ಎರಡು ಕೈ, ಮರುಕ್ಷಣವೇ ತಿರುಗಿಸಿದ ಬೆನ್ನು. ನನ್ನ ಹೆಸರು, ಹೇಳಲು ಸಂಕೋಚ, ಕಪ್ಪೆಯ ಬಾಯಿಯಂತೆ ಎಡೆಬಿಡದೆ ತೆರೆದು ಮುಚ್ಚುವ ಅಂಗೈ. ಸ್ವತಃ ದೊಡ್ಡವ್ವನ ಹೆಸರು ಎಡ ಹುಬ್ಬಿಗೆ ತಾಗಿಸಿದ ಎರಡು ಬೆರಳು: ಎಳವೆಯಲ್ಲಿ ಹೊಸ್ತಿಲಿಗೆ ಬಿದ್ದು ಆದ ಗಾಯದ ಗುರುತು. ಆ ಹೆಸರನ್ನು ಅವಳಿಗೆ ಕೊಟ್ಟದ್ದು ನಮ್ಮ ಮನೆಯವರಲ್ಲ, ಕರೋಡಗಿರಿಯ ಮಕ್ಕಳು.

ಸರ್ಕಾರ ಅವಳಿಗೆ ಕೊಟ್ಟ ಹೆಸರು ಬೇರೆ. ರೇಷನ್ ಕಾರ್ಡಿನಲ್ಲಿ ಅವಳು 'ಮೂಗವ್ವ'. ಅದನ್ನು ತಿದ್ದಿಸಲು ಅವ್ವ ನನ್ನ ಕೈ ಹಿಡಿದುಕೊಂಡು ಒಂದು ಕಚೇರಿಗೆ ಹೋದದ್ದು ನೆನಪಿದೆ.

"ಆಕಿ ಹೆಸರು ಹುಲಿಗೆಮ್ಮ ಅಂತ ಅದ್ರೀ," ಎಂದಳು ಅವ್ವ.

"ಊರಾಗ ಏನಂತ ಕರೀತಾರ?" ಎಂದ ಗುಮಾಸ್ತ, ತಲೆ ಎತ್ತದೆ.

"ಊರಾಗ ಹಂಗ ಕರೀತಾರ. ಆಕಿಗಿ ಕೇಳಂಗಿಲ್ಲಲ್ರೀ, ಅದಕ್ಕ ಧೈರ್ಯ ಬಂದದ ಮಂದಿಗಿ."

"ಕೇಳಂಗಿಲ್ಲಂದ್ರ ಆಕಿಗೇನು ತ್ರಾಸು ಹೇಳ್ರಿ ಯವ್ವಾ? ಇರ್ಲಿ ಬಿಡ್ರಿ, ಅಕ್ಕಿ ಹೆಂಗೂ ಬರ್ತಾವ."

ಈ ಸಂಭಾಷಣೆಯನ್ನು ನಾನು ನಂತರ ಸ್ನಾತಕೋತ್ತರ ಪ್ರಬಂಧವೊಂದರಲ್ಲಿ ಬಳಸಿಕೊಂಡು ಒಳ್ಳೆಯ ಅಂಕ ಪಡೆದೆ. ಕಾರ್ಡಿನಲ್ಲಿ ಹೆಸರು ಬದಲಾಗಲು ಮಾತ್ರ ಅವ್ವ ಇನ್ನೂ ನಾಲ್ಕು ಬಾರಿ ಹೋಗಬೇಕಾಯಿತು.

ಈಗ ಕರೋಡಗಿರಿ. ನಿಜಾಮರ ಕಾಲದಲ್ಲಿ ಸುಂಕದ ಇಲಾಖೆಯನ್ನು ಹಾಗೆ ಕರೆಯುತ್ತಿದ್ದರು. ಇಲಾಖೆ ಹೋಗಿ ತಲೆಮಾರುಗಳಾದರೂ ಕಟ್ಟಡಕ್ಕೆ ಆ ಹೆಸರು ಅಂಟಿಕೊಂಡಿತು. ದಪ್ಪ ಗೋಡೆ, ಮೂರು ಕಮಾನು, ಮುಂದೆ ಉದ್ದನೆಯ ಪಡಸಾಲೆ, ಹಿಂದೆ ಒಂದು ಒಳಕೋಣೆ. ಸುಂಕದವರು ಹೋದ ಮೇಲೆ ಅಲ್ಲಿ ಕೆಲವು ವರ್ಷ ಕಿವುಡ ಮಕ್ಕಳ ವಸತಿ ಶಾಲೆ ನಡೆಯಿತು. ಲಂಗ ಹಾಕುವ ವಯಸ್ಸಿನ ದೊಡ್ಡವ್ವನನ್ನು ಅವಳಪ್ಪ ಅರಕೇರಾದಿಂದ ಕರೆತಂದು ಅಲ್ಲಿ ಬಿಟ್ಟು ಹೋದದ್ದು. ತಾನು ಎಲ್ಲಿಗೆ ಬಂದಿದ್ದೇನೆ, ಯಾಕೆ ಬಂದಿದ್ದೇನೆ ಎಂದು ಅವಳಿಗೆ ವಿವರಿಸುವ ಭಾಷೆ ಆ ತಂದೆಯ ಬಳಿ ಇರಲಿಲ್ಲ. ಮಾರಿಬಿಟ್ಟರೆಂದೇ ಅವಳು ಎರಡು ತಿಂಗಳು ನಂಬಿದ್ದಳಂತೆ.

ಅಲ್ಲಿ ಕೈಯಾಡಿಸುವುದು ನಿಷಿದ್ಧವಾಗಿತ್ತು. ಇಂದಿನವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಕಿವುಡರನ್ನು ಮಾತಾಡಿಸಿಯೇ ತೀರುತ್ತೇವೆಂಬ ಹಟ ಅಂದಿನ ಶಿಕ್ಷಣದ ಹೆಮ್ಮೆ. ಮಕ್ಕಳು ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರಬೇಕು. ಮಾಸ್ತರರು ತುಟಿಯ ಮುಂದೆ ಕಾಗದದ ಪಟ್ಟಿ ಹಿಡಿದು 'ಪ' ಎನ್ನುತ್ತಾರೆ, ಪಟ್ಟಿ ಅಲುಗುತ್ತದೆ, ಮಗುವೂ ಅಲುಗಿಸಬೇಕು. ದೊಡ್ಡವ್ವ ಇವತ್ತಿಗೂ ಆ 'ಪ'ವನ್ನು ಅದ್ಭುತವಾಗಿ ಹೇಳುತ್ತಾಳೆ. ಇಡೀ ಶಿಕ್ಷಣದಿಂದ ಅವಳಿಗೆ ದಕ್ಕಿದ್ದು ಅಷ್ಟೇ. ದೀಪ ಆರಿಸುವುದಕ್ಕೆ ಅದು ಒಳ್ಳೆಯದು ಎನ್ನುತ್ತಾಳೆ.

ಆದರೆ ಮಕ್ಕಳು ಮಕ್ಕಳೇ. ಮಾಸ್ತರರು ಊಟಕ್ಕೆ ಹೋದ ಹೊತ್ತಿನಲ್ಲಿ ತೊಡೆಯ ಕೆಳಗಿನ ಕೈಗಳು ಹೊರಬಂದು ಹರಟೆ ಹೊಡೆಯುತ್ತಿದ್ದವು. ಹೊಸದಾಗಿ ಬಂದವರಿಗೆ ನಾಮಕರಣ ಆಗುತ್ತಿದ್ದದ್ದೂ ಆಗಲೇ. ಹೊಸಬರನ್ನು ಹಳಬರು ಒಂದು ತಿಂಗಳು ಗಮನಿಸಿ, ತಮ್ಮತಮ್ಮಲ್ಲೇ ವಾದಿಸಿ, ಒಂದು ಕೈಹೆಸರನ್ನು ನಿಶ್ಚಯಿಸುವರು. ಬಳಿಕ ಆ ಮಗುವನ್ನು ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಗುರುತು ಮಾಡಿ, ಸರಿಯಾಗಿ ಅಷ್ಟೇ ಎತ್ತರದಲ್ಲಿ ಬಾಗಿಲ ಚಿಲಕದಿಂದ ಕಿತ್ತ ಮೊಳೆಯಲ್ಲಿ ಹೆಸರಿನ ಚಿತ್ರ ಕೊರೆಯುವರು. ಮೊದಲ ಗೀರು ಮಗುವಿನದೇ. ಕೊರೆಯುವಷ್ಟು ಹೊತ್ತೂ ಉಳಿದವರೆಲ್ಲ ಅಂಗೈಗಳನ್ನು ಗೋಡೆಗೆ ಒತ್ತಿ ಹಿಡಿದಿರುತ್ತಿದ್ದರು. ಮೊಳೆ ಗಾರೆಯನ್ನು ಹಾಯುವ ನಡುಕ ಕಲ್ಲಿನೊಳಗಿಂದ ಹರಿದು ಎಲ್ಲರ ಅಂಗೈಗೆ ಬರುತ್ತಿತ್ತು. ಹೀಗೆ ಒಂದು ಹೆಸರು ಇಡೀ ಶಾಲೆಗೆ ಏಕಕಾಲಕ್ಕೆ ಗೊತ್ತಾಗುತ್ತಿತ್ತು. ನಾಮಕರಣದಲ್ಲಿ ಕಿವಿಯಲ್ಲಿ ಹೆಸರು ಉಸುರುವವರು ನಾವು. ಅವರು ಗೋಡೆಯಲ್ಲಿ ಉಸುರಿದರು.

ಗೋಡೆಯ ಮೇಲೆ ಇದ್ದದ್ದು ಬರೀ ಹೆಸರುಗಳಷ್ಟೇ ಅಲ್ಲ ಎಂಬುದನ್ನು ಸಮಿತಿಯವರು ಗಮನಿಸಬೇಕು. ಯಾರು ಎಷ್ಟು ಎತ್ತರವಿದ್ದಾಗ ಮನೆಯಿಂದ ದೂರವಾದರು ಎಂಬ ದಾಖಲೆಯೂ ಅಲ್ಲಿತ್ತು. ದೊಡ್ಡವ್ವನ ಹೆಸರು ಈಗಿನ ಅವಳ ಸೊಂಟದ ಮಟ್ಟಕ್ಕಿತ್ತು.

ಒಳಕೋಣೆಯಲ್ಲಿ ಒಂದೇ ಒಂದು ಹೆಸರು. ಅದು ಕುರ್ಡಿಯ ಹುಡುಗಿಯದು. ಅವಳು ಬಂದಾಗಲೇ ಜ್ವರ ಹೊತ್ತು ಬಂದಿದ್ದಳು. ಬೇರೆ ಮಕ್ಕಳಿಗೆ ತಾಗದಿರಲೆಂದು ಒಳಕೋಣೆಯಲ್ಲಿ ಮಲಗಿಸಿದ್ದರು. ದೊಡ್ಡವ್ವ ಕದ್ದು ಹೋಗಿ ಅವಳ ಬಳಿ ಕೂರುತ್ತಿದ್ದಳು. ಆ ಹುಡುಗಿ ಮನೆಯಿಂದ ತಂದ ಬೆಲ್ಲವನ್ನು ಒಂದು ದವಡೆಯಲ್ಲಿ ಅಡಗಿಸಿಕೊಂಡು ದಿನವಿಡೀ ಚೀಪುತ್ತಿದ್ದಳಂತೆ. ಅವಳ ಸ್ಥಿತಿ ನೋಡಿ ತಿಂಗಳು ಕಾಯುವ ನಿಯಮವನ್ನು ಮಕ್ಕಳು ಮುರಿದರು. ಮೂರನೆಯ ದಿನವೇ ಹೆಸರು ಕೊಟ್ಟರು: ಉಬ್ಬಿದ ಕೆನ್ನೆ, ಅದನ್ನು ಒತ್ತುವ ತೋರುಬೆರಳು. ಏಳಲಾರದವಳನ್ನು ಗೋಡೆಗೊರಗಿಸಿ ಕೂರಿಸಿ, ಕೂತ ಎತ್ತರಕ್ಕೇ ಕೊರೆದರು. ಎಲ್ಲರೂ ಬಗ್ಗಿ ಅಂಗೈ ಒತ್ತಿದರು. ಮರುವಾರ ಅವಳಪ್ಪ ಬಂದು ಕರೆದುಕೊಂಡು ಹೋದ. ಆಮೇಲೆ ಅವಳು ಬರಲಿಲ್ಲ.

ನಾನು ಏಳನೆಯ ತರಗತಿಯಲ್ಲಿದ್ದಾಗ ದೊಡ್ಡವ್ವನ ಹಟಕ್ಕೆ ಮಣಿದು ಅವ್ವ ನಮ್ಮನ್ನು ಕುರ್ಡಿಗೆ ಕರೆದುಕೊಂಡು ಹೋದಳು. ಊರ ಮುಂದಿನ ಕಟ್ಟೆಯ ಮೇಲೆ ನಾಲ್ಕೈದು ಹಿರಿಯರು ಕೂತಿದ್ದರು.

"ಯಾರು ಬೇಕ್ರೀ ಯವ್ವಾ?" ಎಂದರೊಬ್ಬರು.

"ಒಬ್ಬ ಹುಡುಗಿ ಇದ್ಳ್ರೀ ಯಪ್ಪಾ. ಕಿವಿ ಕೇಳ್ತಿದ್ದಿಲ್ಲ. ರಾಯಚೂರಾಗ ಸಾಲಿಗಿ ಹಾಕಿದ್ರು."

"ಹೆಸರೇನು?"

ಅವ್ವ ದೊಡ್ಡವ್ವನ ಕಡೆ ನೋಡಿದಳು. ದೊಡ್ಡವ್ವ ಮುಂದೆ ಬಂದು, ಕೆನ್ನೆ ಉಬ್ಬಿಸಿ, ತೋರುಬೆರಳಿನಿಂದ ಒತ್ತಿ ತೋರಿಸಿದಳು. ಅರ್ಥವಾಗಲಿಲ್ಲವೆಂದುಕೊಂಡು ಇನ್ನೊಮ್ಮೆ, ನಿಧಾನವಾಗಿ ತೋರಿಸಿದಳು.

"ಹಲ್ಲು ನೋವೇನ್ರೀ ಆಕಿಗಿ?" ಎಂದು ಮತ್ತೊಬ್ಬರು ಕೇಳಿದರು. ಕಟ್ಟೆ ನಕ್ಕಿತು.

ಮೊದಲಿನ ಹಿರಿಯರು ಮಾತ್ರ ನಗಲಿಲ್ಲ. "ನಮ್ಮೂರಾಗ ಮೂಗ್ಯಾರು ನಾಕ್ ಮಂದಿ ಆಗಿ ಹೋದ್ರು ತಂಗಿ. ಎಲ್ಲಾರ್ನೂ ಮೂಗಿ ಅಂತಾನೇ ಕರದೀವಿ. ನೀ ಕೇಳಾಕಿ ಯಾವಾಕಿ ಅಂತ ಹೆಂಗ ಹೇಳ್ಲಿ?"

ಶಾಲೆಯ ಹಾಜರಿ ಪುಸ್ತಕದಲ್ಲೂ ಅದೇ ಬರೆದಿತ್ತು ಎಂಬುದನ್ನು ನಾನು ಬೆಳೆದ ಮೇಲೆ, ಹಳೆಯ ಕಡತಗಳಲ್ಲಿ ಕಣ್ಣಾರೆ ನೋಡಿದೆ: 'ಮೂಗಿ, ಕುರ್ಡಿ', ಮುಂದೆ 'ಗೈರು', 'ಗೈರು', 'ಗೈರು'. ಹಾಗಾಗಿ, ಆ ಹುಡುಗಿಯ ಸ್ವಂತದ ಹೆಸರು ಈ ಭೂಮಿಯ ಮೇಲೆ ಎರಡೇ ಕಡೆ ಉಳಿದಿದೆ. ಒಂದು ಕರೋಡಗಿರಿಯ ಒಳಕೋಣೆಯ ಗೋಡೆ. ಇನ್ನೊಂದು ನನ್ನ ದೊಡ್ಡವ್ವನ ಕೈ. ದೊಡ್ಡವ್ವನಿಗೆ ಈಗ ಸೂಜಿಗೆ ದಾರ ಪೋಣಿಸಲು ನಾನು ಬೇಕು.

ಇಷ್ಟೆಲ್ಲ ಗೊತ್ತಿದ್ದ ನಾನು ಏನು ಮಾಡಿದೆ ಎಂಬುದನ್ನೂ ಹೇಳಲೇಬೇಕು. ಹೊಣೆಗಾರಿಕೆಯನ್ನು ಇತರರಲ್ಲಿ ಮಾತ್ರ ಹುಡುಕುವುದು ನೀವು ಮಾಡುವ ಕೆಲಸ.

ಯೋಜನೆ ಘೋಷಣೆಯಾಯಿತು. ಪಾರಂಪರಿಕ ಕಟ್ಟಡಗಳಲ್ಲಿ ವಿಕಲಚೇತನರ ಚರಿತ್ರೆಯನ್ನು ಕಲೆಯ ಮೂಲಕ ಅರಳಿಸುವುದಂತೆ. ಅರಳಿಸಲು ಅದೇನು ಹುರಿಯುವ ಜೋಳವೇ ಎಂದು ಕೇಳುವಷ್ಟು ಬುದ್ಧಿ ನನಗಾಗ ಇರಲಿಲ್ಲ. ಹೊಸ ಪದವಿಯ ಬಿಸಿ. ಕಣ್ಣಲ್ಲಿ ನೀರು ಬರುವಷ್ಟು ಉತ್ಸಾಹ. ಕಟ್ಟಡದಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿಕೊಡಲು ಸ್ಥಳೀಯರೊಬ್ಬರು ಬೇಕೆಂದರು, ನಾನು ಹೋದೆ. ಅಚ್ಚು ಹಾಕಿದ ನಮೂನೆ ಕೊಟ್ಟರು. ಅದರಲ್ಲಿ ಕಮಾನಿಗೊಂದು ಕಲಂ, ತೊಲೆಗೊಂದು, ಬಾಗಿಲಿಗೊಂದು, ಶಾಸನ ಮತ್ತು ಬರಹಕ್ಕೊಂದು. ನಾನು ಕಮಾನುಗಳ ಅಗಲ ಅಳೆದೆ. ಸುಂಕದ ತಕ್ಕಡಿ ನೇತುಹಾಕುತ್ತಿದ್ದ ಕಬ್ಬಿಣದ ಕೊಂಡಿಯ ಬಗ್ಗೆ ಅರ್ಧ ಪುಟ ಬರೆದೆ, ಅದರಲ್ಲಿ ಎರಡು ಉಪಮೆಗಳೂ ಇದ್ದವು. ಶಾಸನ, ಬರಹ ಎಂಬ ಕಲಮಿನ ಮುಂದೆ, ನನ್ನ ದೊಡ್ಡವ್ವನ ಹೆಸರಿದ್ದ ಗೋಡೆಗೆ ಬೆನ್ನು ಮಾಡಿ ನಿಂತು, ದುಂಡು ಅಕ್ಷರಗಳಲ್ಲಿ 'ಇಲ್ಲ' ಎಂದು ಬರೆದೆ. ಶಾಸನವೆಂದರೆ ರಾಜರು ಬರೆಸಿದ್ದು, ಬರಹವೆಂದರೆ ಅಕ್ಷರ. ಐದು ವರ್ಷ ಅಂಚಿನವರ ಚರಿತ್ರೆಯನ್ನು ಓದಿ ಪದಕ ಪಡೆದವಳ ತಲೆಗೆ ಮೊಳೆಯ ಗೀರು ಬರಹವೆಂದು ಹೊಳೆಯಲಿಲ್ಲ. ಕೆಳಗೆ ಸಹಿ ಹಾಕಿದೆ.

ಕೆಲವು ತಿಂಗಳ ನಂತರ ದೊಡ್ಡವ್ವನಿಗೆ ಆಹ್ವಾನ ಬಂತು. ಪೂರ್ವಭಾವಿ ಕಾರ್ಯಕ್ರಮವೊಂದರಲ್ಲಿ ಅವಳು ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯಬೇಕು. ಗಣ್ಯರು ನಿಂತು ನೋಡುವರು. ಇದಕ್ಕೆ ಆಹ್ವಾನಪತ್ರದಲ್ಲಿ 'ಜೀವಂತ ಪ್ರದರ್ಶನ' ಎಂದು ಮುದ್ರಿಸಿದ್ದರು. ಬೇರೆ ಬಗೆಯ ಪ್ರದರ್ಶನವೂ ಪರಿಗಣನೆಯಲ್ಲಿತ್ತೇ ಎಂದು ವಿಚಾರಿಸಬೇಕೆನಿಸಿತು. ದೊಡ್ಡವ್ವ ಮಾತ್ರ ಹಬ್ಬದ ಸೀರೆ ಉಟ್ಟಳು. ಗೋಡೆ ನೋಡದೆ ಎಷ್ಟೋ ವರ್ಷಗಳಾಗಿದ್ದವು.

ಬಾಗಿಲಲ್ಲೇ ಮಾನ್ವಿಯ ಖಾಜಾಮಾಮಾ ಸಿಕ್ಕರು. ಅವರು ಗಡಿಯಾರ ರಿಪೇರಿ ಮಾಡುವವರು. ಪೋಲಿಯೋದಿಂದ ಎರಡೂ ಕಾಲು ಹೋಗಿ ಮೂರುಗಾಲಿ ಸೈಕಲ್ಲಿನಲ್ಲಿ ಓಡಾಡುವವರು. ಬಂಧುವೇನಲ್ಲ, ಬಸ್ ಪಾಸಿನ ಸಾಲಿನಲ್ಲಿ ವರ್ಷ ವರ್ಷವೂ ದೊಡ್ಡವ್ವನ ಹಿಂದೆ ಕೂತು ಕೂತು ಮಾಮನಾದವರು. ಅವರಿಗಾಗಿಯೇ ಹೊಸದಾಗಿ ಇಳಿಜಾರು ಕಟ್ಟಿದ್ದರು. ಅದು ಕಟ್ಟಡವನ್ನು ಸುತ್ತಿ ಹಿಂದಕ್ಕೆ ಹೋಗಿ, ಒಳಕೋಣೆಯ ಹಿಂಬಾಗಿಲ ಬಳಿ, ಮೊಣಕಾಲೆತ್ತರದ ಹೊಸ್ತಿಲಿಗೆ ತಾಗಿ ಮುಗಿಯುತ್ತಿತ್ತು.

"ಬಹುತ್ ಅಚ್ಛಾ ಕಟ್ಯಾರ ಬೇಟಿ," ಎಂದರು ಖಾಜಾಮಾಮಾ. "ಬಾಗಲ ತನ ಬಂದು, ಒಳಗ ಏನ್ ನಡದದ ಅಂತ ನೋಡಿ, ಹಿಂದಕ ಹೋಗಬಹುದು. ನಮ್ ಜಿಂದಗೀನೇ ಕಲ್ಲಾಗ ಕಟ್ಟಿಟ್ಟಾರ."

ಪಡಸಾಲೆಯಲ್ಲಿ ಮರದ ಪೆಟ್ಟಿಗೆಯಂಥ ಗೂಡೊಂದಿತ್ತು. ಮೇಲೆ 'ನಿಮ್ಮ ಧ್ವನಿ' ಎಂಬ ಫಲಕ, ಒಳಗೆ ಮೈಕು. ಹೊರಗಿನಿಂದ ಬಂದಿದ್ದ, ಖಾದಿ ಜುಬ್ಬಾದ ಸಂಯೋಜಕರು ದೊಡ್ಡವ್ವನನ್ನು ಗೌರವದಿಂದ ಅದರೊಳಗೆ ಕೂರಿಸಿದರು.

"ಅಮ್ಮ, ಬೀಪ್ ಶಬ್ದ ಬಂದ ಮೇಲೆ ನಿಮ್ಮ ನೆನಪುಗಳನ್ನು ಹೇಳಿ."

"ಸಾಹೇಬ್ರ," ಎಂದರು ಖಾಜಾಮಾಮಾ ಕಿಟಕಿಯಿಂದ, "ಆಕಿಗಿ ಬೀಪ್ ಕೇಳ್ಸಿದ್ರ ನೀವ್ಯಾಕ ಆಕೀನ ಕರೀತಿದ್ರಿ?"

ಸಂಯೋಜಕರು ನಸುನಕ್ಕರು. "ಇದು ಸಾಂಕೇತಿಕ." ಬಳಿಕ ನನ್ನ ಕಡೆ ತಿರುಗಿ, "ನೀವು ಅವರ ಕಡೆಯವರಲ್ವಾ? ಸ್ವಲ್ಪ ಕೈ ಆಡಿಸಿ ಅಡ್ಜಸ್ಟ್ ಮಾಡಿ," ಎಂದರು. ಕಿವುಡರ ಚರಿತ್ರೆಯ ಯೋಜನೆಯಲ್ಲಿ ಕೈಮಾತಿನ ಅನುವಾದಕರೇ ಇಲ್ಲವೇ ಎಂದು ಕೇಳಿದೆ. ಅದನ್ನು ಮುಂದಿನ ಹಂತದಲ್ಲಿ ಪರಿಗಣಿಸಲಾಗುವುದಂತೆ.

ಅಷ್ಟರಲ್ಲಿ ದೊಡ್ಡವ್ವ ಎದ್ದು ಗೋಡೆಯ ಬಳಿ ಹೋಗಿದ್ದಳು.

ಗೋಡೆ ಇರಲಿಲ್ಲ. ಅಂದರೆ ಕಲ್ಲು ಇತ್ತು. ಅದರ ಮೇಲೆ ಹೊಸ ಸಿಮೆಂಟು, ಸಿಮೆಂಟಿನ ಮೇಲೆ ಆ ಮೂಲೆಯಿಂದ ಈ ಮೂಲೆಯವರೆಗೆ ಚಿತ್ರ. ಉದಯಿಸುವ ಸೂರ್ಯ, ಅವನತ್ತ ಚಾಚಿದ ನೂರಾರು ಕೈಗಳು, ಹಾರುವ ಪಾರಿವಾಳ. ಆ ಕೈಗಳಲ್ಲಿ ಒಂದೂ ಏನನ್ನೂ ಹೇಳುತ್ತಿರಲಿಲ್ಲ. ದೊಡ್ಡವ್ವ ಚಿತ್ರದುದ್ದಕ್ಕೂ ನಡೆದಳು. ನಡೆಯುತ್ತ ಅಂಗೈಯಿಂದ ಎತ್ತರಗಳನ್ನು ಅಳೆದಳು. ಎದೆಯ ಮಟ್ಟ, ಭುಜದ ಮಟ್ಟ, ಮತ್ತೆ ಎದೆಯ ಮಟ್ಟ. ಸೂರ್ಯನ ಎಡಗಡೆಯ ಕಿರಣದ ಬಳಿ, ಸೊಂಟದ ಮಟ್ಟದಲ್ಲಿ ನಿಂತು ನನ್ನ ಕಡೆ ತಿರುಗಿದಳು. ಅವಳ ಕೈಮಾತನ್ನು ನಮ್ಮ ಮನೆಯ ಮಾತಿಗೆ ಇಳಿಸುತ್ತಿದ್ದೇನೆ:

"ನಾ ಇಲ್ಲಿದ್ದೆ. ನನ್ನ ಅಳಿಸ್ಯಾರ."

ಹಿತ್ತಲಿಗೆ ಹೋಗಿ ಕಸದ ಗುಡ್ಡೆಯಲ್ಲಿ ಬಗ್ಗಿ ಹುಡುಕಿದಳು. ಈಗ ನನ್ನ ಮೇಜಿನ ಮೇಲಿರುವುದು ಅವಳಿಗೆ ಸಿಕ್ಕ ಒಂದೇ ಚೂರು. ಆಮೇಲೆ ಬಂದು, ಪಡಸಾಲೆಯಲ್ಲಿ ಹೇಳಿದ ಜಾಗದಲ್ಲಿ, ಒಳಕೋಣೆಯ ಗೋಡೆಗೆ ಹೊರಗಿನಿಂದ ಒರಗಿ ಕೂತು, ಕೌದಿ ಬಿಡಿಸಿಕೊಂಡಳು. ಗಣ್ಯರು ಬಂದರು. ಧ್ವನಿವರ್ಧಕದಲ್ಲಿ ಸ್ವಾಗತಗೀತೆ ಆರಂಭವಾಯಿತು. ಸಭೆಯಲ್ಲಿ ಅರ್ಧದಷ್ಟು ಜನ ಕರೆಸಿ ಕೂರಿಸಿದ ಕಿವುಡರು, ಅವರಿಗೆ ಅದು ಕೇಳಿಸದು ಎಂಬುದು ಗಾಯಕಿಯರಿಗಾಗಲಿ ಗಣ್ಯರಿಗಾಗಲಿ ಬಾಧಕವಾಗಲಿಲ್ಲ. ಕಮಾನುಗಳೇ ಅದುರುವಷ್ಟು ಅಬ್ಬರ.

ಆ ಅಬ್ಬರದಲ್ಲಿ ಕಿವಿಯಿದ್ದ ನಮಗೆ ಯಾರಿಗೂ ಕೇಳಿಸದ್ದು ದೊಡ್ಡವ್ವನಿಗೆ ತಿಳಿಯಿತು. ಎಡಗೈ ಗೋಡೆಯ ಮೇಲಿತ್ತು. ಅವಳ ಸೂಜಿ ಗಕ್ಕನೆ ನಿಂತಿತು. ಬಲ ಅಂಗೈಯನ್ನೂ ಗೋಡೆಗೆ ಒತ್ತಿ, ಒಂದು ಉಸಿರು ಕಾದು, ಕೌದಿಯನ್ನು ಗಣ್ಯರ ಪಾದದ ಮೇಲೆ ಎಸೆದು ಒಳಕ್ಕೆ ಓಡಿದಳು. ನಾನು ಹಿಂದೆ ಓಡಿದೆ.

ಒಳಕೋಣೆಯಲ್ಲಿ ಒಬ್ಬಾತ ಉಜ್ಜುವ ಮಷೀನು ಹಿಡಿದು ಗೋಡೆ ಕೆರೆಯುತ್ತಿದ್ದ. ಧೂಳಿನಲ್ಲಿ ಅವನ ಹುಬ್ಬು ಕೂಡ ಬೆಳ್ಳಗಾಗಿತ್ತು. ಮೇಲಿನರ್ಧ ಮುಗಿದಿತ್ತು, ಈಗ ಕೆಳಗಿಳಿದಿದ್ದ. ಉಬ್ಬಿದ ಕೆನ್ನೆಗೂ ಮಷೀನಿಗೂ ನಡುವೆ ಒಂದು ಮೊಳ. ದೊಡ್ಡವ್ವ ಆ ಮೊಳದ ಜಾಗದಲ್ಲಿ ಹೋಗಿ ಕೂತುಬಿಟ್ಟಳು. ಆತ ಗಾಬರಿಯಿಂದ ಮಷೀನು ಆರಿಸಿದ.

"ಯಪ್ಪಾ! ಕೈ ಹೋಗ್ತಿತ್ತಲ್ಬೇ ಯವ್ವಾ! ನನಗೇನ್ ಗೊತ್ತು, ಗೀರು ತಗಿ ಅಂದ್ರು, ತಗ್ಯಾಕತ್ತೀನಿ."

ನಾನು ವಿಷಯ ಹೇಳಿದೆ. ಆತ ಬಗ್ಗಿ, ಬೆರಳಿನಿಂದ ಧೂಳು ಒರೆಸಿ, ಕೊರೆದ ಕೆನ್ನೆಯನ್ನು ನೋಡಿದ. "ಮೊದ್ಲೇ ಹೇಳಬಾರ್ದೇನ್ರೀ," ಎಂದ. "ಆ ಕಡಿ ಗೋಡಿ ತುಂಬ ಇಂಥವೇ ಇದ್ವು." ಮಷೀನಿನ ವಯರು ಸುತ್ತತೊಡಗಿದ. ಇಡೀ ಯೋಜನೆಯಲ್ಲಿ ಗೋಡೆಯನ್ನು ಹತ್ತಿರದಿಂದ ನೋಡಿದ್ದವನು ಅವನೊಬ್ಬನೇ.

ಸಂಯೋಜಕರು ಧಾವಿಸಿ ಬಂದರು. ಈ ಕೋಣೆ ಸೆಲ್ಫಿ ಕೋಣೆಯಾಗಲಿದೆ, ಗೋಡೆ ನಯವಾಗಿರಬೇಕು ಎಂದರು.

"ಇದು ಗೀಚು. ಪರಂಪರೆ ಅಲ್ಲ. ಅದೂ ಒಂದೇ ಒಂದು."

"ಉಳಿದವನ್ನು ನೀವು ಅಳಿಸಿದ್ದರಿಂದ ಒಂದೇ ಒಂದು," ಎಂದೆ.

ದೊಡ್ಡವ್ವ ಕೂತಲ್ಲಿಂದಲೇ ಹೇಳಿದಳು: ಜ್ವರ, ಬೆಲ್ಲ, ಮೂರನೆಯ ದಿನ, ಬಗ್ಗಿ ಒತ್ತಿದ ಅಂಗೈಗಳು. ನಾನು ಕನ್ನಡಕ್ಕೆ ತಂದೆ. ಅವರು ಗಂಭೀರವಾಗಿ ಕೇಳಿ, ತಲೆದೂಗಿ, "ತುಂಬ ಭಾವುಕವಾಗಿದೆ. ಇದನ್ನೇ ನಮ್ಮ ಧ್ವನಿ ಪೆಟ್ಟಿಗೆಯಲ್ಲಿ ಹೇಳಿಸಬಹುದಲ್ಲವೇ?" ಎಂದರು. ಬಳಿಕ ಇಬ್ಬರು ಸ್ವಯಂಸೇವಕರಿಗೆ, ಹಿಂಬಾಗಿಲಿನಿಂದ ಅಮ್ಮನವರನ್ನು ಹೊರಗೆ ಕರೆದೊಯ್ಯುವಂತೆ ಸೂಚಿಸಿದರು.

ಹಿಂಬಾಗಿಲಿಗೆ ಅಡ್ಡಲಾಗಿ ಮೂರುಗಾಲಿ ಸೈಕಲ್ಲು ನಿಂತಿತ್ತು. ಬ್ರೇಕು ಹಾಕಿತ್ತು.

"ಸರ್ಕೋರಿ ಸ್ವಲ್ಪ," ಎಂದರು ಸಂಯೋಜಕರು.

"ಹೆಂಗ ಸರ್ಕೋಬೇಕ್ರೀ ಸಾಹೇಬ್ರ?" ಎಂದರು ಖಾಜಾಮಾಮಾ. "ನನ್ನ ಒಳಗ ಬಿಡಾಕ ದಾರಿ ಮಾಡಿಲ್ಲ ನೀವು. ಆಕೀನ ಹೊರಗ ಹಾಕಾಕ ಮಾತ್ರ ಈ ದಾರಿ ನೆನಪಾತೇನು? ಇದು ನಮ್ ಸಲುವಾಗಿ ಕಟ್ಟಿದ್ದು. ನಾ ಇಲ್ಲೇ ಕುಂದ್ರಾಂವ."

ಅವರು ಕೂತರು. ದೊಡ್ಡವ್ವನೂ ಕೂತಳು. ಹೊರಗೆ ಗಣ್ಯರ ಭಾಷಣ ಮುಗಿದು, ಉಪ್ಪಿಟ್ಟು ಮುಗಿದು, ಕಾರುಗಳು ಹೋದವು. ಕೊನೆಗೆ ಸಂಯೋಜಕರು, ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿರುವುದಾಗಿ ಬಾಯಿಮಾತಿನಲ್ಲಿ ಹೇಳಿದರು. ಕಿವುಡಿಯೊಬ್ಬಳಿಗೆ ಬಾಯಿಮಾತಿನ ಭರವಸೆ ಕೊಟ್ಟು ಹೋದ ಅವರ ಸೂಕ್ಷ್ಮತೆಯನ್ನು ನಾನು ಮರೆಯಲಾರೆ.

ಆಮೇಲಿನದು ಮೇಜುಗಳ ಕಥೆ. ಅದನ್ನು ಆರಂಭದಲ್ಲೇ ಹೇಳಿದ್ದೇನೆ. ಕೊನೆಯ ಮೇಜಿನ ಅಧಿಕಾರಿ ಮಾತ್ರ ಕಡತ ತೆಗೆದು ತೋರಿಸಿದರು. ಒಳಕೋಣೆಯಲ್ಲಿ ಸಂರಕ್ಷಿಸಬೇಕಾದ ಬರಹ ಯಾವುದೂ ಇಲ್ಲವೆಂದು ಸ್ಥಳೀಯ ತಜ್ಞರೇ ದೃಢೀಕರಿಸಿದ್ದಾರೆ, ಆದ್ದರಿಂದ ಬರುವ ತಿಂಗಳ ಉದ್ಘಾಟನೆಗೆ ಮೊದಲು ಕಾಮಗಾರಿ ಪೂರ್ಣಗೊಳ್ಳುವುದು, ಎಂದರು. ತಜ್ಞರ ದುಂಡು ಅಕ್ಷರ ನೋಡಿದೊಡನೆ ಗುರುತು ಸಿಕ್ಕಿತು.

ಅದರ ಪ್ರತಿಯನ್ನು ಮನೆಗೆ ತಂದು ದೊಡ್ಡವ್ವನ ಮುಂದಿಟ್ಟೆ. 'ಇಲ್ಲ' ಎಂಬುದರ ಅರ್ಥ ತೋರಿಸಿದೆ. ಅವಳು ನನ್ನ ಸಹಿಯ ಮೇಲೆ ಬೆರಳಿಟ್ಟು, ಇದು ನೀನೇ ಬರೆದದ್ದೇ ಎಂದು ಕೇಳಿದಳು. ಹೌದೆಂದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಹುಣಸೆಬೀಜದಲ್ಲಿ ಮುಗಿಯುತ್ತಿತ್ತು.

"ಕಿವಿ ನಿನಗ ಅದಾವ," ಎಂದವು ಅವಳ ಕೈಗಳು. "ಆದ್ರ ನನ್ನ ಕೇಳಲಿಲ್ಲ ನೀ."

ಆದುದರಿಂದ ಯೋಜನೆಯ ಸಮಿತಿಗೆ ನನ್ನ ಈ ವಿಧ್ಯುಕ್ತ ಕೋರಿಕೆ. ಮೊದಲನೆಯದಾಗಿ, ಕಟ್ಟಡದಲ್ಲಿ ಬರಹವಿಲ್ಲವೆಂದು ನಾನು ಸಹಿ ಹಾಕಿ ಕೊಟ್ಟ ಹೇಳಿಕೆ ತಪ್ಪು. ಅದನ್ನು ಈ ಮೂಲಕ ಹಿಂಪಡೆಯುತ್ತಿದ್ದೇನೆ, ಅದರ ಆಧಾರದ ಮೇಲೆ ಹೊರಡಿಸಿದ ಆದೇಶವನ್ನು ರದ್ದುಪಡಿಸಬೇಕು. ಒಳಕೋಣೆಯ ಗೋಡೆಗೆ ಯಾವ ಉಪಕರಣವೂ ತಾಗಕೂಡದೆಂದು ಲಿಖಿತವಾಗಿ ಆದೇಶಿಸಿ, ಅದರ ಪ್ರತಿಯನ್ನು ಆ ಬಾಗಿಲಿಗೆ ಅಂಟಿಸಬೇಕು. ಪಡಸಾಲೆಯ ಗೋಡೆಯನ್ನು ಕೆರೆಯುವ ಮುನ್ನ ಒಂದು ಛಾಯಾಚಿತ್ರವನ್ನಾದರೂ ತೆಗೆಯಲಾಗಿತ್ತೇ, ತೆಗೆದಿದ್ದರೆ ಎಲ್ಲಿದೆ, ತೆಗೆದಿಲ್ಲವಾದರೆ ಕೆರೆಯಲು ಅನುಮತಿ ಕೊಟ್ಟವರು ಯಾರು ಎಂಬುದನ್ನು ಹೆಸರು ಸಹಿತ ತಿಳಿಸಬೇಕು. 'ಸಂಬಂಧಪಟ್ಟವರು' ಎಂಬುದು ಯಾರ ಹೆಸರೂ ಅಲ್ಲ. ಆ ಶಾಲೆಯಲ್ಲಿ ಓದಿ ಇನ್ನೂ ಬದುಕಿರುವವರನ್ನು ಹುಡುಕಿ, ಅವರ ಕೈಗಳು ನೆನಪಿಟ್ಟಿರುವ ಪ್ರತಿಯೊಂದು ಹೆಸರನ್ನೂ ಮೈಕಿನ ಬದಲು ಕ್ಯಾಮೆರಾದಲ್ಲಿ ದಾಖಲಿಸಬೇಕು. ಹೊಸ್ತಿಲನ್ನು ಇಳಿಸಿ ಖಾಜಾಸಾಹೇಬರನ್ನು ಒಳಗೆ ಬರಮಾಡಿಕೊಳ್ಳಬೇಕು.

ಹದಿನೈದು ದಿನಗಳೊಳಗೆ ಉತ್ತರವನ್ನು ನಿರೀಕ್ಷಿಸುತ್ತೇನೆ. ಅದನ್ನು ನನಗೆ ಬರೆದು ಕೈತೊಳೆದುಕೊಳ್ಳಬೇಡಿ, ಹಕ್ಕುದಾರಳು ನಾನಲ್ಲ. ದೇವದುರ್ಗಕ್ಕೆ ಬಂದು, ಹುಲಿಗೆಮ್ಮನ ಎದುರಿಗೆ ಕೂತು, ಕುರ್ಡಿಯ ಹುಡುಗಿಯ ಹೆಸರನ್ನು ಏನು ಮಾಡುತ್ತೀರೆಂದು ಅವಳಿಗೆ ಹೇಳಿ. ಬರುವಾಗ ಕೈಮಾತು ಬಲ್ಲ ಅನುವಾದಕರೊಬ್ಬರನ್ನು ನೀವೇ ಕರೆತನ್ನಿ. ಆ ದಿನ ನಿಮ್ಮ ಮಾತನ್ನು ನಾನು ಅನುವಾದಿಸುವುದಿಲ್ಲ.